ಇಲ್ಲದ ಹದಿನಾರು ಪುಟ

ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಮನೆಯವರು ಕಂಡವರಿಗೆಲ್ಲ ಹೇಳುತ್ತಾರೆ. ಸುಳ್ಳಲ್ಲ. ವಿಮಾ ಕಚೇರಿಯ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತು, ಅದೇ ಪ್ರಶ್ನೆಗೆ ಅದೇ ಉತ್ತರವನ್ನು ದಿನವಿಡೀ ಮರಾಠಿಯಲ್ಲಿ ಹೇಳುವವಳಿಗೆ ಸಿಟ್ಟು ಬರದಿದ್ದರೆ ಅದೇ ಆಶ್ಚರ್ಯ. ಆದರೆ ಕನ್ನಡ ಪುಸ್ತಕವೊಂದನ್ನು ಹಿಡಿದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಲು ಕೂತೆನೆಂದರೆ ನಾನು ಬೇರೆಯೇ ಹೆಂಗಸು. ಬಾಗಲಕೋಟೆ ಕಡೆಯ ನಮ್ಮೂರಿನಲ್ಲಿ ಅಪ್ಪ ಕಲಿಸಿದ ಓದು ಅದು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು, ಅಳುವ ಸಾಲನ್ನು ಅಳದೆ ಹೇಗೆ ಓದಬೇಕು ಎಲ್ಲ ಗೊತ್ತಿತ್ತು. ಗೊತ್ತಿದೆ ಎಂಬ ಸೊಕ್ಕೂ ಇತ್ತು. ಆ ಸೊಕ್ಕಿನಲ್ಲಿ ಮಾಡಿದ ಒಂದು ತಪ್ಪನ್ನು ಇಷ್ಟು ವರ್ಷ ನಗೆಯ ಮಾತಾಗಿ ಹೇಳಿಕೊಂಡು ಬಂದಿದ್ದೇನೆ. ಆಗ ಮಾತ್ರ ನನಗೆ ಒಂಚೂರೂ ನಗು ಬಂದಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವು ಪುಣೆಯ ಧನಕವಡಿಯಲ್ಲಿ ಇದ್ದೆವು. ಕಾತ್ರಜದ ರಸ್ತೆಯಲ್ಲಿ ವಿಜಾಪುರ ಕಡೆಯ ಸಾಹುಕಾರರೊಬ್ಬರ ಕಿರಾಣಿ ಅಂಗಡಿ. ಅದರ ಮಾಳಿಗೆಯಲ್ಲಿ ಬೆಲ್ಲದ ಪೆಂಟೆ, ಶೇಂಗಾ ಚೀಲಗಳ ನಡುವೆ ಇಪ್ಪತ್ತು ಜನ ಕೂರುವಷ್ಟು ಜಾಗವಿತ್ತು. ಪ್ರತಿ ರವಿವಾರ ಮಧ್ಯಾಹ್ನ ಅಲ್ಲಿ ನಮ್ಮ ಓದು. ನಡೆಸುತ್ತಿದ್ದವರು ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರು. ಊರಿಗೆಲ್ಲ ಅವರು ಕಾಕಾ. ಧಾರವಾಡದಲ್ಲಿದ್ದ ಅವರ ತಮ್ಮನ ಮಗ ತಿಂಗಳಿಗೊಂದು ಪುಸ್ತಕ ಕೊಂಡು ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದ. ಕಾಕಾ ಬೆಳಗಾಗುವ ಮೊದಲೇ ಕಾತ್ರಜದ ತಿರುವಿನಲ್ಲಿ ನಿಂತು ಅದನ್ನು ಇಳಿಸಿಕೊಳ್ಳುತ್ತಿದ್ದರು. ಬರುತ್ತಿದ್ದುದು ಒಂದೇ ಪ್ರತಿ. ಹಾಗಾಗಿ ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಕತೆ ಮುಗಿದ ಮೇಲೆ ಅಕ್ಷರ ಬಲ್ಲವರ ಮನೆಗಳಿಗೆ ಪುಸ್ತಕ ಒಂದೊಂದು ವಾರ ಹೋಗಿ ಬರುತ್ತಿತ್ತು.

ಮಾಳಿಗೆಗೆ ಬಾಡಿಗೆ ಇರಲಿಲ್ಲ. ಬದಲಿಗೆ ಹೆಂಗಸರು ಕೇಳುತ್ತ ಕೇಳುತ್ತ ಸಾಹುಕಾರರ ಶೇಂಗಾ ಸುಲಿದುಕೊಡಬೇಕು. ದುಃಖದ ಅಧ್ಯಾಯ ಬಂದ ದಿನ ಕಾಳು ಕಡಿಮೆ ಬೀಳುತ್ತದೆ ಎಂದು ಸಾಹುಕಾರರ ತಕರಾರು. "ಈ ಸಲ ಒಂದ ನಗೂ ಪುಸ್ತಕ ತರಸ್ರೀ ಕಾಕಾ, ನನ್ನ ಧಂದೆ ಮುಳಗತದ" ಎಂದು ಕೆಳಗಿನಿಂದಲೇ ಕೂಗುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು, ಅದು ಕಾಕಾ ಮಾಡಿದ್ದು. ಓದು ಶುರುವಾಗುವ ಮೊದಲು ಹಿಂದಿನ ವಾರದ ಕತೆಯನ್ನು ಒಬ್ಬರು ನೆನಪಿನಿಂದ ಹೇಳಬೇಕು. ಹಾಗೆ ಹೇಳುವವರು ಓದಲು ಬಾರದವರೇ ಆಗಿರಬೇಕು. ಯಾಕೆ ಎಂದು ಒಮ್ಮೆ ಕೇಳಿದೆ. "ಓದಾಕ ಬರೋರು ಪುಸ್ತಕ ಎಷ್ಟನೇ ಪುಟಕ್ಕ ಬಂದದ ಅಂತ ಹೇಳ್ತಾರ. ಬರದವರು ಅಕಿ ಈಗ ಎಲ್ಲಿ ಅದಾಳ, ಏನ ಮಾಡಾಕತ್ತಾಳ ಅಂತ ಹೇಳ್ತಾರ" ಎಂದರು ಕಾಕಾ.

ಹಾಗೆ ಹೇಳುವವರಲ್ಲಿ ಒಬ್ಬಳನ್ನು ಮೀರಿಸುವವರು ಇರಲಿಲ್ಲ. ಯಾದಗಿರಿ ಕಡೆಯವಳು, ಮೂವತ್ತರ ಒಳಗಿನ ಹೆಂಗಸು. ಕಾತ್ರಜದ ಕಟ್ಟಡಗಳಲ್ಲಿ ವರ್ಷಗಟ್ಟಲೆ ಸಿಮೆಂಟಿನ ಬುಟ್ಟಿ ಹೊತ್ತು, ಆಮೇಲೆ ಬೆನ್ನು ನೋವಾಗಿ ಅದನ್ನು ಬಿಟ್ಟು, ಮೂರು ಕನ್ನಡದ ಮನೆಗಳಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು. ಗಂಡ ರಾಂಜಣಗಾಂವದ ಕಾರ್ಖಾನೆಯಲ್ಲಿ. ಕಾರ್ಖಾನೆಯವರಿಗೆ ಗುರುವಾರ ರಜೆ, ಇವಳಿಗೆ ರವಿವಾರ ಮಧ್ಯಾಹ್ನ ಬಿಡುವು. "ನಮ್ಮಿಬ್ಬರಿಗೂ ರಜಾ ಕೂಡಿ ಬರೂದಿಲ್ಲ, ಅದಕ್ಕ ಸಂಸಾರ ಚಂದ ನಡದದ್ರಿ" ಎಂದು ನಗುತ್ತಿದ್ದಳು. ಒಮ್ಮೆ ಕೇಳಿದ ಕತೆಯನ್ನು ಮಾತಿಗೆ ಮಾತು ಇಟ್ಟು ಹೇಳುತ್ತಿದ್ದಳು. ನನ್ನ ದನಿ ಎಲ್ಲಿ ಇಳಿದಿತ್ತೋ ಅಲ್ಲಿ ಅವಳ ದನಿಯೂ ಇಳಿಯುತ್ತಿತ್ತು. ನನ್ನನ್ನು ಅಕ್ಕೋರ ಎಂದು ಕರೆಯುತ್ತಿದ್ದಳು, ಶಾಲೆಯ ಶಿಕ್ಷಕಿಯನ್ನು ಕರೆದ ಹಾಗೆ. ನನಗೆ ಅದು ಭಾರಿ ಇಷ್ಟವಾಗಿತ್ತು.

ಆ ದೀಪಾವಳಿಯ ಹೊತ್ತಿಗೆ ಬಂದ ಪುಸ್ತಕ ಮೈಸೂರು ಕಡೆಯ ಲೇಖಕಿಯೊಬ್ಬರ ಕಾದಂಬರಿ. ಗಂಡನ ಮನೆಯ ಕಾಟ ತಾಳಲಾರದೆ ಒಬ್ಬ ಹೆಂಗಸು ಮೂರು ವರ್ಷದ ಮಗಳನ್ನು ಎತ್ತಿಕೊಂಡು ಹೊರಡುತ್ತಾಳೆ. ಹೊಳೆ ತುಂಬಿದೆ, ದೋಣಿಗಾಗಿ ದಂಡೆಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಮಗುವಿಗೆ ಜ್ವರ. ನೂರಾ ಹನ್ನೆರಡನೇ ಪುಟ ಅಲ್ಲಿಗೆ ಮುಗಿಯಿತು. ಪಕ್ಕದ ಪುಟಕ್ಕೆ ಕಣ್ಣು ಹೊರಳಿಸಿದೆ. ತೊಂಬತ್ತೇಳನೇ ಪುಟ.

ಇನ್ನೊಮ್ಮೆ ನೋಡಿದೆ. ತೊಂಬತ್ತೇಳರಿಂದ ನೂರಾ ಹನ್ನೆರಡರವರೆಗಿನ ಹದಿನಾರು ಪುಟ ಎರಡು ಸಲ ಇದ್ದವು. ಅದರ ನಂತರ ನೇರ ನೂರಾ ಇಪ್ಪತ್ತೊಂಬತ್ತು. ಅಲ್ಲಿ ಆ ಹೆಂಗಸು ಆಗಲೇ ಪಟ್ಟಣದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಪುಸ್ತಕ ಕಟ್ಟುವವನು ನಡುವಿನ ಹದಿನಾರು ಪುಟ ಬಿಟ್ಟು ಹಳೆಯ ಹದಿನಾರನ್ನೇ ಮತ್ತೆ ಸೇರಿಸಿ ಹೊಲಿದುಬಿಟ್ಟಿದ್ದ.

ಶೇಂಗಾ ಸುಲಿಯುವ ಸದ್ದು ನಿಂತುಹೋಗಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಮುಂದ ಓದ್ರಿ ಅಕ್ಕೋರ. ದೋಣಿ ಬಂತೇನ್ರಿ?" ಎಂದಳು ಅವಳು.

ಪುಟ ಇಲ್ಲ ಎಂದು ಹೇಳಿದ್ದರೆ ಆಗುತ್ತಿತ್ತು. ಕಾಕಾ ಧಾರವಾಡಕ್ಕೆ ಒಂದು ಕಾರ್ಡು ಬರೆಯುತ್ತಿದ್ದರು, ಬೇರೆ ಪ್ರತಿ ಬರುತ್ತಿತ್ತು. ಆದರೆ ಮೊದಲೇ ಓದಿಕೊಂಡು ಬರುವವಳು ನಾನಲ್ಲ, ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೇ ಓದಬಲ್ಲೆ ಎಂದು ಹಿಂದಿನ ವಾರವಷ್ಟೇ ಜಂಬ ಕೊಚ್ಚಿದ್ದೆ. ಅಷ್ಟು ಜನ ಬಾಯಿ ತೆರೆದು ಕೂತಿರುವಾಗ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ. ತೊಂಬತ್ತೇಳನೇ ಪುಟದ ಸಾಲುಗಳ ಮೇಲೆ ಕಣ್ಣು ಓಡಿಸುತ್ತ ಬಾಯಿಗೆ ಬಂದದ್ದನ್ನು ಓದಿದೆ. ದೋಣಿ ಬಂತು. ಮಗುವಿನ ಜ್ವರ ಇಳಿಯಿತು. ಆಚೆ ದಂಡೆಯಲ್ಲಿ ಅವಳ ಅಕ್ಕನ ಊರು. ಪಟ್ಟಣದಲ್ಲಿ ನೆಲೆ ಸಿಕ್ಕಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ, ಮಲಗಿದ್ದ ಮಗುವನ್ನು ಅಕ್ಕನ ಮಗ್ಗುಲಲ್ಲಿ ಬಿಟ್ಟು, ಬೆಳಗಾಗುವ ಮುಂಚೆ ಹೊರಟಳು. ಅರ್ಧ ಗಂಟೆ ಹೀಗೇ ಓದಿದೆ. ಪುಟ ತಿರುವಬೇಕಾದಲ್ಲಿ ತಿರುವಿದೆ ಕೂಡ. ಕೊನೆಗೆ ಹೆಂಗಸರು ಕಣ್ಣೊರೆಸಿಕೊಂಡರು. ಕಾಕಾ, "ಈ ಹೆಣಮಗಳು ಭಾಳ ಚಲೋ ಬರದಾಳ" ಎಂದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮುಂದಿನ ವಾರಗಳಲ್ಲಿ ಆ ಹೆಮ್ಮೆ ಇಳಿಯಿತು. ನೂರಾ ಇಪ್ಪತ್ತೊಂಬತ್ತರಿಂದ ಮುಂದೆ ಪುಸ್ತಕದಲ್ಲಿ ಆ ಮಗುವಿನ ಸುದ್ದಿಯೇ ಇರಲಿಲ್ಲ. ಆ ಹೆಂಗಸು ಹೊಲಿಯುತ್ತಾಳೆ, ದುಡಿಯುತ್ತಾಳೆ, ಸ್ವಂತ ಅಂಗಡಿ ಹಾಕುತ್ತಾಳೆ. ಮಗಳ ಹೆಸರು ಒಮ್ಮೆಯೂ ಅವಳ ಬಾಯಿಗೆ ಬರುವುದಿಲ್ಲ. ನಮ್ಮ ಮಾಳಿಗೆಯಲ್ಲಿ ಹೆಂಗಸರಿಗೆ ಸಿಟ್ಟು ಏರತೊಡಗಿತು. "ಎಂಥಾ ತಾಯೀರಿ ಇಕಿ? ಹಡದದ್ದನ್ನ ಮರ್ತು ಮಷಿನ್ ತುಳಿಯಾಕ ಕುಂತಾಳಲ್ಲ." "ಅಂಗಡಿ ಬಂತು, ಕೂಸು ಬ್ಯಾಡಾತು." ಅವರು ಬೈಯುತ್ತಿದ್ದುದು ಲೇಖಕಿಯ ಹೆಂಗಸನ್ನು, ಬೈಗುಳ ತಂದುಕೊಟ್ಟವಳು ನಾನು.

ಆ ಯಾದಗಿರಿಯವಳು ಮಾತ್ರ ಬೈಯುತ್ತಿರಲಿಲ್ಲ. ತಲೆ ಬಗ್ಗಿಸಿ ಶೇಂಗಾ ಸುಲಿಯುತ್ತಿದ್ದಳು. ಪ್ರತಿ ರವಿವಾರ ನಾನು ಪುಸ್ತಕ ತೆಗೆದ ಕೂಡಲೇ, "ಇವತ್ತರೆ ಕರಕೊಂಡ ಬರ್ತಾಳೇನ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಒಂದು ದಿನ ಎಲ್ಲರೂ ಇಳಿದುಹೋದ ಮೇಲೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದಳು.

"ನಂದೂ ಒಂದ ಅದರಿ ಅಕ್ಕೋರ. ನಮ್ಮಕ್ಕನ ಹಂತೇಕ ಬಿಟ್ಟೀನಿ. ನಾಕ ವರ್ಷ ಆತು."

ಅಕ್ಕನ ಮನೆ ಎಂದು ನಾನು ಕತೆ ಕಟ್ಟಿದ್ದು ಅವಳನ್ನು ನೋಡಿ ಅಲ್ಲ. ಪುಣೆಗೆ ದುಡಿಯಲು ಬಂದ ಅರ್ಧ ಹೆಂಗಸರು ಮಕ್ಕಳನ್ನು ಬಿಡುತ್ತಿದ್ದುದೇ ತಾಯಿಯ ಹತ್ತಿರ, ಇಲ್ಲ ಅಕ್ಕನ ಹತ್ತಿರ. ಬಾಯಿಗೆ ಸುಲಭವಾಗಿ ಬಂತು, ಹೇಳಿದೆ.

"ಕರಕೊಂಡ ಬರಬೇಕಿಲ್ಲೋ?" ಎಂದೆ. ಆ ಪ್ರಶ್ನೆಗೆ ಈಗಲೂ ನನ್ನ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಅವಳು ಗೋಡೆ ಹಿಡಿದು ಹೇಳಿದಳು. ಮೊದಲು ತಗಡಿನ ಶೆಡ್ಡು, ಕೂಸಿಗೆ ಜಾಗವಿರಲಿಲ್ಲ. ಆಮೇಲೆ ಒಂದು ಖೋಲಿ ಸಿಕ್ಕಿತು, ಕರೆಯಲು ಹೋದರೆ ಕೂಸು ದೊಡ್ಡಮ್ಮನ ಸೆರಗು ಹಿಡಿದು ಒಲ್ಲೆ ಎಂದಿತು. ದೊಡ್ಡಮ್ಮನನ್ನು ಅವ್ವ ಅನ್ನುತ್ತಿತ್ತು, ಇವಳನ್ನು ಪುಣೆ ಅವ್ವ. "ಆಮ್ಯಾಗ ನಾನ ಹೋಗೂದು ಕಡಿಮಿ ಮಾಡೀನ್ರಿ. ಹೋಗಿ ಏನ ಮಾಡ್ಲಿ? ನೋಡಿ ಬರಾಕ ಹೋಗೂದು, ಅಳಕೋತ ಬರೂದು." ಆಮೇಲೆ ಕೇಳಿದಳು. "ಪುಸ್ತಕದಾಗಿನಕಿ ಏನ ಮಾಡ್ತಾಳ ನೋಡೂನು ಅಂತ ಕುಂತೀನಿ. ಕಡೀಗೆ ಕರಕೊಂಡ ಬರ್ತಾಳಲ್ರಿ?"

ಗೊತ್ತಿಲ್ಲ ಎಂದು ಹೇಳಿ ಬಿರಬಿರನೆ ಮನೆಗೆ ಬಂದೆ.

ಕಾದಂಬರಿಯ ಕೊನೆಗೆ ಒಂದು ಜಾಗವಿತ್ತು. ಆ ಹೆಂಗಸು ಅಂಗಡಿ ಮುಚ್ಚಿದ ಮೇಲೆ ಒಬ್ಬಳೇ ಕೂತು ಚಿಕ್ಕದೊಂದು ಫ್ರಾಕು ಹೊಲಿದು ಟ್ರಂಕಿನಲ್ಲಿ ಇಡುತ್ತಾಳೆ. ಅದೇ ಅಳತೆಯ ಅಂಥವು ಅಲ್ಲಿ ಇನ್ನೂ ಐದಾರು ಇವೆ. ಅಷ್ಟೇ, ಮತ್ತೇನೂ ಬರೆದಿಲ್ಲ. ನಮ್ಮ ಹೆಂಗಸರಿಗೆ ಸಮಾಧಾನವಾಯಿತು, ಅಂತೂ ಮಗಳ ನೆನಪು ಬಂತಲ್ಲ ಎಂದರು. ಆದರೆ ಅವಳು ಶೇಂಗಾ ಕೈಬಿಟ್ಟು ನನ್ನನ್ನು ಕೇಳಿದಳು.

"ಎಲ್ಲಾ ಒಂದ ಅಳತೀವು ಹೊಲದಾಳಲ್ರಿ. ಇಷ್ಟ ವರ್ಷಕ್ಕ ಕೂಸು ಬೆಳದಿರೂದಿಲ್ಲೇನು?"

ಓದುವವಳಾಗಿ ನನಗೆ ಹೊಳೆಯದ ಮಾತು ಅದು. ಆ ಮಗು ಬೆಳೆದಿರಲಿಲ್ಲ. ಹೊಳೆಯ ದಂಡೆಯಲ್ಲೇ, ನನ್ನ ಹತ್ತಿರ ಇಲ್ಲದ ಆ ಹದಿನಾರು ಪುಟಗಳಲ್ಲೇ ಅದು ತೀರಿಕೊಂಡಿತ್ತು. ಲೇಖಕಿ ಮಗುವಿನ ಸುದ್ದಿ ಎತ್ತದಿದ್ದುದು ಅದಕ್ಕೇ. ನಾನು ಆ ಮಗುವನ್ನು ಬದುಕಿಸಿ, ಅದರ ತಾಯಿಯನ್ನು ಕಲ್ಲೆದೆಯವಳನ್ನಾಗಿ ಮಾಡಿದ್ದೆ.

ಆಗಲಾದರೂ ಹೇಳಬೇಕಿತ್ತು. ಹೇಳುವುದಾದರೂ ಏನನ್ನು? ತನ್ನ ಮಗಳನ್ನು ಅಕ್ಕನ ಹತ್ತಿರ ಬಿಟ್ಟು, ಕತೆಯ ಮಗಳ ದಾರಿ ಕಾಯುತ್ತಿರುವವಳಿಗೆ, ಅದು ಸತ್ತಿದೆ ತಂಗಿ ಎನ್ನುವುದೇ? ಹಾಗಾದರೆ ಇನ್ನೊಂದು ಸುಳ್ಳು ಸೇರಿಸಿ ಕೊನೆಯ ಪುಟದಲ್ಲಿ ಮಗುವನ್ನು ಕರೆತಂದುಬಿಡಲೇ ಎಂದುಕೊಂಡೆ. ಬಾಯಿ ತೆರೆದೆ, ಆಗಲಿಲ್ಲ. ಯಾರಿಗಾಗಿ ಹೇಳುತ್ತಿದ್ದೇನೆ ಎಂದು ತಿಳಿದ ಮೇಲೆ ಒಂದು ಸಾಲೂ ಹುಟ್ಟಲಿಲ್ಲ. ಇದ್ದದ್ದನ್ನು ಓದಿ ಮುಗಿಸಿದೆ. ಅವಳು ಎದ್ದು ಸೀರೆಯ ಮೇಲಿನ ಶೇಂಗಾ ಸಿಪ್ಪೆ ಕೊಡವಿ ಹೋದಳು. ಪುಸ್ತಕವನ್ನು ಬೇರೆ ಮನೆಗಳಿಗೆ ಕೊಡಲು ಕಾಕಾ ಕೇಳಿದಾಗ, ಹೊಲಿಗೆ ಬಿಚ್ಚಿದೆ, ಕಟ್ಟಿಸಿ ಕೊಡುತ್ತೇನೆ ಎಂದೆ. ಆರು ತಿಂಗಳು ಅದು ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು.

ಆಷಾಢದಲ್ಲಿ ಕಾಕಾ ಕುಣಿಯುತ್ತ ಬಂದರು. ಆ ಲೇಖಕಿ ಯಾವುದೋ ಸಂಬಂಧಿಕರ ಮನೆಗೆ ಪುಣೆಗೆ ಬರುವವರಿದ್ದರು. ಇವರು ಕಾರ್ಡಿನ ಮೇಲೆ ಕಾರ್ಡು ಬರೆದು ಒಪ್ಪಿಸಿದ್ದರು. ಆಷಾಢದಲ್ಲಿ ಮದುವೆಗಳಿಲ್ಲ, ಮಂಗಲ ಕಾರ್ಯಾಲಯಗಳು ಖಾಲಿ. ಅಂಥದೊಂದು ಕಾರ್ಯಾಲಯ ಕಡಿಮೆಗೆ ಸಿಕ್ಕಿತು. ಊರಿನ ಕನ್ನಡಿಗರಿಗೆಲ್ಲ ಹೇಳಿಕಳಿಸಿದ್ದಾಯಿತು.

"ಹಾರ ತುರಾಯಿ ಭಾಷಣಾ ಬ್ಯಾಡ. ನಮ್ಮ ಪದ್ಧತಿ ಪ್ರಕಾರ ಮಾಡೂನು. ಮೊದಲ ನಮ್ಮಾಕಿ ಇಡೀ ಕತಿ ಹೇಳ್ತಾಳ, ಆಮ್ಯಾಗ ಬರದಾಕಿ ಮಾತಾಡ್ತಾಳ" ಎಂದರು ಕಾಕಾ.

"ಬ್ಯಾಡ್ರಿ ಕಾಕಾ. ಅಷ್ಟ ಜನರ ಮುಂದ ಅಕಿ ಗಾಬರಿ ಆಗ್ತಾಳ. ಬ್ಯಾರೇದವರು ಹೇಳ್ಲಿ" ಎಂದೆ.

"ಅಕಿ ಗಾಬರಿ ಆಗೂದಿಲ್ಲ. ನೀ ಯಾಕ ಗಾಬರಿ ಆಗಾಕತ್ತೀ?" ಎಂದು ನನ್ನ ಮುಖವನ್ನೇ ನೋಡಿದರು. ನಾನು ಚಹಾ ಮಾಡುವ ನೆವ ಹೇಳಿ ಒಳಗೆ ಹೋದೆ.

ಹಿಂದಿನ ದಿನ ಸಂಜೆ ಗಟ್ಟಿ ಮನಸ್ಸು ಮಾಡಿ ಅವಳ ಖೋಲಿಗೆ ಹೋದೆ. ಇದ್ದ ಒಂದೇ ಇಳಕಲ್ ಸೀರೆಯನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟು ಇಸ್ತ್ರಿ ಮಾಡುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. "ಕುಂದರ್ರಿ ಅಕ್ಕೋರ. ಎಲ್ಲಾ ಒಮ್ಮಿ ಹೇಳಿ ನೋಡೀನಿ, ಎಲ್ಲೂ ತಪ್ಪಿಲ್ಲ. ಕತಿ ಮುಗದ ಮ್ಯಾಲ ಅಕಿಗಿ ಒಂದ ಕೇಳ್ತೀನ್ರಿ, ಪುಸ್ತಕದಾಗ ಬರೀಲಾರದ್ದು ಏನರೆ ಇದ್ದರ ಹೇಳ್ರಿ ಅಂತ. ಕೂಸಿಗಿ ಕರಕೊಂಡ ಬಂದಳೋ ಇಲ್ಲೋ, ಬರದಾಕಿಗಿ ಗೊತ್ತ ಇರತದಲ್ಲ?" ನಾನು ಅವಳು ಕೊಟ್ಟ ಚಹಾ ಕುಡಿದು, ಹೇಳಲು ಬಂದದ್ದನ್ನು ಹೇಳದೆ ಹೊರಬಿದ್ದೆ. ಅಷ್ಟು ಹೇಡಿತನ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಮರುದಿನ ಮಳೆಯಲ್ಲೂ ಕಾರ್ಯಾಲಯ ತುಂಬಿತ್ತು. ಬಾಗಿಲಲ್ಲಿ ಛತ್ರಿಗಳ ರಾಶಿ, ಒಳಗೆ ಚುರುಮುರಿ ಸುಸಲಾದ ಒಗ್ಗರಣೆಯ ವಾಸನೆ. ಮುಂದಿನ ಸಾಲಿನಲ್ಲಿ ಆಫೀಸಿನ ದೊಡ್ಡವರು, ಹಿಂದೆ ನಮ್ಮ ಮಾಳಿಗೆಯ ಹೆಂಗಸರು. ಲೇಖಕಿ ಸಣ್ಣ ಆಳು, ನರೆತ ಕೂದಲು, ಮೃದುವಾದ ಮುಖ. ನಮ್ಮ ಯಾದಗಿರಿಯವಳು ವೇದಿಕೆ ಹತ್ತಿ ಮೈಕು ದೂರ ಸರಿಸಿ, ಸೆರಗು ಹೊದ್ದು ನಿಂತು ಹೇಳತೊಡಗಿದಳು. ಲೇಖಕಿ ಕುರ್ಚಿಯ ಅಂಚಿಗೆ ಬಂದು ಕೂತು, ತಮ್ಮದೇ ಕತೆಯನ್ನು ಮೊದಲ ಸಲ ಕೇಳುವವರ ಹಾಗೆ ಕೇಳುತ್ತಿದ್ದರು.

ದೋಣಿ ಬಂತು. ಜ್ವರ ಇಳಿಯಿತು. ಲೇಖಕಿಯ ಹುಬ್ಬು ಗಂಟಿಕ್ಕಿತು.

ಅವಳು ಹೇಳುತ್ತಲೇ ಇದ್ದಳು. "ಮಂದಿ ಅಂತಾರ, ಅಕಿ ಕೂಸಿಗಿ ಮರ್ತಾಳ ಅಂತ. ಮರ್ತಿಲ್ರಿ. ಹೊಟ್ಟ್ಯಾಗ ಇದ್ದದ್ದು ದಿನಾ ಬಾಯಾಗ ಬರತದೇನು? ಫ್ರಾಕು ಹೊಲದಾಳ ನೋಡ್ರಿ, ಎಲ್ಲಾ ಒಂದ ಅಳತೀವು. ಯಾಕಂದ್ರ ಬಿಟ್ಟ ಬಂದ ದಿನ ಕೂಸು ಅಷ್ಟ ಇತ್ತು. ಅಕಿ ಕಣ್ಣಾಗ ಅದು ಅಷ್ಟ ಉಳದದ. ಬೆಳದದ್ದು ನೋಡಾಕ ಅಕಿ ಅಲ್ಲಿ ಇದ್ದಿಲ್ಲ. ಬಿಟ್ಟ ಬಂದವರಿಗಿ ಗೊತ್ತದರಿ ಇದು."

ಹಿಂದಿನ ಸಾಲುಗಳಲ್ಲಿ ಹೆಂಗಸರು ಅಳುತ್ತಿದ್ದರು. ಅವಳು ಕೈಮುಗಿದು ನಿಂತಳು. ಲೇಖಕಿ ಎದ್ದು ಬಂದು ಅವಳ ಕೈ ಹಿಡಿದರು.

"ಎಷ್ಟು ಚೆನ್ನಾಗಿ ಹೇಳಿದಿರಮ್ಮಾ. ಆದರೆ ಒಂದು ಮಾತು. ಅಕ್ಕನ ಮನೇಲಿ ಮಗೂನ ಬಿಟ್ಟು ಹೋದದ್ದು, ಅದನ್ನ ನಾನು ಬರೆದೇ ಇಲ್ವಲ್ಲ?"

ಅವಳಿಗೆ ಅರ್ಥವಾಗಲಿಲ್ಲ. ಲೇಖಕಿಯ ಮುಖ, ಕಾಕಾನ ಮುಖ ನೋಡಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಸಾಹೇಬರೊಬ್ಬರು ಪಕ್ಕದವರಿಗೆ, ನನಗೂ ಕೇಳುವ ಹಾಗೆ, "ಓದಾಕ ಬರಲಾರದವರನ್ನ ತಂದು ನಿಲ್ಲಿಸಿದ್ರ ಹಿಂಗ ಆಗ್ತದ ನೋಡ್ರಿ, ಬಾಯಿಗೆ ಬಂದದ್ದು ಹೇಳಿದಳು" ಎಂದು ನಕ್ಕರು.

ನನ್ನ ಸಿಟ್ಟು ಜೀವನದಲ್ಲಿ ಒಂದೇ ಒಂದು ಸಲ ಒಳ್ಳೆಯ ಕೆಲಸ ಮಾಡಿದ್ದರೆ ಅದು ಆವತ್ತು. ಎದ್ದು ನಿಂತೆ. "ಬಾಯಿಗೆ ಬಂದದ್ದು ಹೇಳಿದಾಕಿ ನಾನು! ಅಕಿ ನಾ ಓದಿದ್ದನ್ನ ಒಂದ ಅಕ್ಷರ ಬಿಡದ ಹೇಳ್ಯಾಳ" ಎಂದು ಕೂಗಿಯೇಬಿಟ್ಟೆ. ಲೇಖಕಿಯ ಸಹಿಗೆಂದು ಕಾಕಾ ತರಲು ಹೇಳಿದ್ದ ಪುಸ್ತಕ ಚೀಲದಲ್ಲಿತ್ತು. ವೇದಿಕೆಗೆ ಹೋಗಿ ನೂರಾ ಹನ್ನೆರಡರ ಪಕ್ಕದ ತೊಂಬತ್ತೇಳನ್ನು ತೆರೆದು ತೋರಿಸಿ ಎಲ್ಲ ಹೇಳಿದೆ. ಓದುವವಳ ಹತ್ತಿರ ಪುಟ ಇರಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ ಎಂದೆ. ಕೆಲವರು ನಕ್ಕರು. ಕಾಕಾ ಕಣ್ಣು ಮುಚ್ಚಿಕೊಂಡರು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಲೇಖಕಿ ನಗಲಿಲ್ಲ. ತಮ್ಮ ಚೀಲದಿಂದ ತಮ್ಮ ಪ್ರತಿ ತೆಗೆದು, ನನ್ನನ್ನಲ್ಲ, ಅವಳನ್ನು ಕೇಳಿದರು. "ಆ ಪುಟಗಳು ಇಲ್ಲಿವೆ ಅಮ್ಮಾ. ಇದರಲ್ಲಿ ಮಗು ಉಳಿಯೋದಿಲ್ಲ. ಓದಲಾ, ಬೇಡವಾ? ನೀವು ಹೇಳಿದ ಹಾಗೆ."

ಅವಳು ಆ ಪುಸ್ತಕದ ಕಡೆ ನೋಡಿದಳು. "ಓದ್ರಿ" ಎಂದಳು.

ಲೇಖಕಿ ಹದಿನಾರು ಪುಟ ಓದಿದರು. ನನ್ನ ಹಾಗೆ ದನಿ ಏರಿಸಿ ಇಳಿಸಿ ಓದಲಿಲ್ಲ, ಮನೆಯ ಮಾತು ಹೇಳಿದ ಹಾಗೆ ಓದಿದರು. ದೋಣಿ ತಡವಾಗಿ ಬಂತು. ಆ ತಾಯಿ ಹೊಳೆ ದಾಟಿದಾಗ ಮಡಿಲು ತಣ್ಣಗಾಗಿತ್ತು. ಆಚೆ ದಂಡೆಯಲ್ಲಿ ಗುರುತಿಲ್ಲದ ಜನ ಗುಂಡಿ ತೋಡಿಕೊಟ್ಟರು.

ಅವಳು ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ. "ಆರ ತಿಂಗಳ ಅಕಿಗಿ ಬೈಸಿದ್ರಲ್ರಿ ಅಕ್ಕೋರ. ಕೂಸು ಸತ್ತಾಕಿಗಿ ಬೈಸಿದ್ರಿ." ಆ ಮಾತಿಗೆ ನಾನು ಅರ್ಹಳಾಗಿದ್ದೆ. ಆಮೇಲೆ ಲೇಖಕಿಗೆ, ಸಭೆಗಲ್ಲ, ಅವರೊಬ್ಬರಿಗೇ ಎಂಬಂತೆ ಹೇಳಿದಳು. "ಹಂಗಾದ್ರ ಅಕಿಗಿ ಕರಕೊಂಡ ಬರಾಕ ಕೂಸ ಇದ್ದಿಲ್ಲ. ನನಗ ಅದ. ನಾ ಯಾಕ ಕುಂತೀನಿ ಇಲ್ಲಿ?"

ಎರಡು ದಿನ ಬಿಟ್ಟು ಅವಳೇ ನಮ್ಮ ಮನೆಗೆ ಬಂದಳು, ಕೈಯಲ್ಲಿ ಅಂಚೆ ಕಾರ್ಡು. ಅಕ್ಕನಿಗೆ ಕಾಗದ ಬರೆಯಬೇಕಿತ್ತು. ಇಷ್ಟಾದ ಮೇಲೂ ನನ್ನ ಹತ್ತಿರವೇ ಬಂದಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಪೆನ್ನು ತೆಗೆದುಕೊಂಡು ಕೂತೆ.

"ನಾ ಹೇಳಿದ್ದಷ್ಟ ಬರೀರಿ. ನಿಮ್ಮ ಮಾತ ಒಂದೂ ಸೇರಿಸಬ್ಯಾಡ್ರಿ" ಎಂದಳು, ನಗದೆ. ಆಮೇಲೆ ನಕ್ಕಳು. ಕೂಸನ್ನು ಕರೆಯಲು ಬರುತ್ತೇನೆ, ಶಾಲೆಯ ದಾಖಲೆ ತೆಗೆಸಿಡು, ಅದು ಅತ್ತರೂ ಒಯ್ಯುತ್ತೇನೆ, ನೀನು ಅಳಬೇಡ. ಇಷ್ಟೇ ಇತ್ತು ಕಾಗದ. ಓದಿ ತೋರಿಸಿದೆ. ಎರಡು ಸಲ ಓದಿಸಿದಳು.

ಕಾಕಾ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ರವಿವಾರ, "ಕಟ್ಟಿದ ಕತಿ ಚಲೋ ಇತ್ತು. ಆದರ ಮುಂದಿನ ಪುಸ್ತಕದ ಪುಟ ನಾ ಎಣಿಸಿ ಕೊಡ್ತೀನಿ" ಎಂದರು. ಅವರು ಇರುವ ತನಕ ಎಣಿಸಿಯೇ ಕೊಟ್ಟರು. ಸಾಹುಕಾರರ ಅಂಗಡಿ ಹೋಗಿ ಅಲ್ಲಿ ಈಗ ದೊಡ್ಡ ಕಟ್ಟಡವಿದೆ. ಕಾಕಾ ಇಲ್ಲ. ಓದುವಾಗ ನಾನು ಈಗಲೂ ಮೊದಲು ಕೊನೆಯ ಪುಟದವರೆಗೆ ಅಂಕಿ ನೋಡಿಕೊಳ್ಳುತ್ತೇನೆ.

ಅವಳು ಊರಿನಿಂದ ಹಿಂದಿರುಗಿದ ಬೆಳಿಗ್ಗೆ ನಾನು ಸ್ವಾರಗೇಟ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬರಲು ಯಾರೂ ಹೇಳಿರಲಿಲ್ಲ, ಮನೆಯಲ್ಲಿ ಕೂರಲು ಆಗಲಿಲ್ಲ. ಸೋಲಾಪುರ ದಾರಿಯ ಬಸ್ಸು ಕೆಸರು ಸಿಡಿಸುತ್ತ ಬಂದು ನಿಂತಿತು. ಮೊದಲು ಅವಳು ಇಳಿದಳು. ಹಿಂದೆ ಎಂಟೊಂಬತ್ತು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಅತ್ತು ಅತ್ತು ಊದಿದ ಕಣ್ಣು. ಎದೆಗೆ ಒಂದು ಬಟ್ಟೆಯ ಚೀಲ ಅವಚಿಕೊಂಡಿದ್ದಳು. ತಾಯಿ ಚೀಲಕ್ಕೆ ಕೈ ಚಾಚಿದಳು. ಹುಡುಗಿ ಕೊಡದೆ ಪಕ್ಕಕ್ಕೆ ಸರಿದಳು.

"ರಾತ್ರಿಯೆಲ್ಲಾ ಹಿಂಗ ಹಿಡಕೊಂಡ ಕುಂತಾಳ್ರಿ" ಎಂದಳು ಅವಳು ನನಗೆ. ಅವಳ ದನಿ ಸೋತಿತ್ತು.

ನಾವು ಮೂವರೂ ಸಿಟಿ ಬಸ್ಸಿನ ಕಡೆ ನಡೆದೆವು. ಹುಡುಗಿ ಎರಡು ಹೆಜ್ಜೆ ಹಿಂದೆ. ಇದ್ದಕ್ಕಿದ್ದಂತೆ ನಿಂತು ಕೇಳಿದಳು.

"ಪುಣೆ ಅವ್ವಾ, ನೀ ಯಾವಾಗ ಹೋಗ್ತೀ?"

"ಎಲ್ಲಿಗಿ?"

"ನೀ ಯಾವಾಗ್ಲೂ ಹೋಗ್ತೀ ಅಲ್ಲ. ನನ್ನ ಇಲ್ಲಿ ಬಿಟ್ಟು ಮತ್ತ ಎಲ್ಲಿಗಿ ಹೋಗ್ತೀ?"

ಇನ್ನೂರು ಪುಟದ ಕತೆಯನ್ನು ಸಭೆಯ ಮುಂದೆ ತಡೆಯದೆ ಹೇಳಿದವಳಿಗೆ ಮಾತು ಹೊರಡಲಿಲ್ಲ. ಕೆಸರಿನಲ್ಲೇ ಮೊಣಕಾಲೂರಿ ಕೂತಳು, ಮಗಳ ಮುಖಕ್ಕೆ ಮುಖ ಸಮನಾಗುವ ಹಾಗೆ. ಆಮೇಲೆ ಹೇಳಿದಳು.

"ಇನ್ನ ಹೋಗೂದಿಲ್ಲ. ಎಲ್ಲೂ ಹೋಗೂದಿಲ್ಲ."

ಹುಡುಗಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವಳನ್ನೇ ನೋಡುತ್ತ ನಿಂತಳು. ಆಮೇಲೆ ಎದೆಗವಚಿದ್ದ ಚೀಲವನ್ನು ಮುಂದೆ ಚಾಚಿದಳು.

"ಹಂಗಾದ್ರ ಇದನ್ನ ನೀನ ಹಿಡಿ" ಎಂದಳು.